ದೇವಿಮನೆ ಘಟ್ಟ ಹತ್ತಲು ಬ್ಯಾಟರಿಯಲ್ಲಿ ನಿಜಕ್ಕೂ ಎಷ್ಟು ಯೂನಿಟ್ ಬೇಕು?

ಪ್ರಶ್ನೆ: ಮನೆ ಶಿರಸಿ ಪೇಟೆಯಲ್ಲಿ, ಅಡಿಕೆ ತೋಟ ಬನವಾಸಿ ಹತ್ತಿರ. ಹಳೆಯ ಮಾರುತಿ ಓಮ್ನಿಯ ಎಂಜಿನ್ ಕೆಟ್ಟಿದೆ. ಅದನ್ನು ತೆಗೆದು ಕರೆಂಟಿನ ಮೋಟಾರು ಕೂರಿಸೋಣ ಅಂತ ನಾನೂ ಗ್ಯಾರೇಜಿನ ಗೆಳೆಯನೂ ಹೊರಟಿದ್ದೇವೆ. ಮೋಟಾರು 72 ವೋಲ್ಟಿನದು. ಬ್ಯಾಟರಿಗೆ ಎರಡು ದಾರಿ ಇದೆ. ಒಂದು, ಇನ್ವರ್ಟರಿಗೆ ಹಾಕುವ 150 ಆಂಪಿಯರ್-ಅವರ್ ಟ್ಯೂಬುಲರ್ (ಸೀಸ-ಆಮ್ಲದ) ಬ್ಯಾಟರಿ ಆರು. ಇನ್ನೊಂದು, ಬಳಸಿದ ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಸೆಲ್, 200 ಆಂಪಿಯರ್-ಅವರಿನವು 24. ಮಾರುವವರು "ಹದಿನೈದು ಯೂನಿಟ್ ಬ್ಯಾಟರಿ, ನೂರೈವತ್ತು ಕಿಲೋಮೀಟರ್ ಗ್ಯಾರಂಟಿ" ಅನ್ನುತ್ತಾರೆ. ದಿನಾ ತೋಟಕ್ಕೆ ಹೋಗಿ ಬರಬೇಕು, 50 ಕಿ.ಮೀ. ಒಳಗೇ. ತಿಂಗಳಿಗೊಮ್ಮೆ ಕುಮಟಾದಲ್ಲಿರುವ ಮಗಳ ಮನೆಗೆ ಹೋಗಿ, ಒಂದು ರಾತ್ರಿ ಉಳಿದು ಬರುತ್ತೇವೆ. ನಿಜಕ್ಕೂ ಎಷ್ಟು ಸಿಗುತ್ತದೆ ಅಂತ ಲೆಕ್ಕ ಹಾಕುವುದು ಹೇಗೆ?

ಉತ್ತರ: ನೇರ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಟ್ಯೂಬುಲರ್ ಬ್ಯಾಟರಿ ಬೇಡ. ಲಿಥಿಯಂ ಸೆಲ್ ಆಗಬಹುದು, ಆದರೆ ಹದಿನೈದು ಯೂನಿಟ್ ಅನ್ನುವ ಮಾತನ್ನು ಬಿಟ್ಟುಬಿಡಿ. ಬಳಸಿದ ಸೆಲ್ಲಿನಲ್ಲಿ ನಿಮ್ಮ ಕೈಗೆ ಸಿಗುವುದು ಹತ್ತು ಯೂನಿಟ್ ಆಸುಪಾಸು. ತೋಟದ ಓಡಾಟಕ್ಕೆ ಅದು ಧಾರಾಳ. ಮಳೆಗಾಲದಲ್ಲಿ ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಶಿರಸಿ ಸೇರಲು ಸಾಲದು. ಈ ಎರಡನೇ ಮಾತಿಗಾಗಿಯೇ ಇಷ್ಟು ಉದ್ದ ಬರೆಯುತ್ತಿದ್ದೇನೆ. ಬ್ಯಾಟರಿ ಕೊಂಡ ಮೇಲೆ ಈ ಲೆಕ್ಕ ಮಾಡಿ ಪ್ರಯೋಜನವಿಲ್ಲ, ಕೊಳ್ಳುವ ಮೊದಲು ಮಾಡಬೇಕು.

ಹದಿನೈದು ಯೂನಿಟ್ ಎಲ್ಲಿಂದ ಬಂತು ನೋಡಿ. ಎಲ್‌ಎಫ್‌ಪಿ ಸೆಲ್ಲಿನ ಸರಾಸರಿ ವೋಲ್ಟೇಜ್ 3.2. ಸಾಲಾಗಿ 24 ಸೆಲ್ ಜೋಡಿಸಿದರೆ 76.8 ವೋಲ್ಟ್. ಅದನ್ನು 200 ಆಂಪಿಯರ್-ಅವರಿನಿಂದ ಗುಣಿಸಿದರೆ 15,360 ವಾಟ್-ಅವರ್. ಸಾವಿರ ವಾಟ್-ಅವರ್ ಅಂದರೆ ಕರೆಂಟ್ ಬಿಲ್ಲಿನಲ್ಲಿ ಬರುವ ಒಂದು ಯೂನಿಟ್. ಹಾಗಾಗಿ 15.36 ಯೂನಿಟ್. ಗುಣಾಕಾರದಲ್ಲಿ ತಪ್ಪಿಲ್ಲ. ಸೆಲ್ ಹೊಸದಾಗಿದ್ದು, ತುದಿಯವರೆಗೆ ತುಂಬಿಸಿ ತಳ ಕಾಣುವವರೆಗೆ ಖಾಲಿ ಮಾಡಿದರೆ ಅಷ್ಟು ಬರುತ್ತದೆ. ನಿಮ್ಮ ಸೆಲ್ ಹೊಸದಲ್ಲ. ಹಾಗೆ ತಳ ಕಾಣುವವರೆಗೆ ಓಡಿಸುವುದೂ ಸಲ್ಲದು.

ಬ್ಯಾಟರಿಯಿಂದ ಲೆಕ್ಕ ಶುರು ಮಾಡುವವರೇ ಜಾಸ್ತಿ. ನಾನು ರಸ್ತೆಯಿಂದ ಶುರು ಮಾಡಿ ಅನ್ನುತ್ತೇನೆ. ನಿಮ್ಮ ಅತಿ ಕಷ್ಟದ ಪ್ರಯಾಣ ಯಾವುದು, ಅದಕ್ಕೆ ಎಷ್ಟು ಯೂನಿಟ್ ಬೇಕು ಅಂತ ಮೊದಲು ಗೊತ್ತಾಗಲಿ. ಬ್ಯಾಟರಿಯ ಮಾತು ಆಮೇಲೆ.

ಓಮ್ನಿಯ ಸ್ವಂತ ತೂಕ ಸುಮಾರು 800 ಕೆಜಿ. ಎಂಜಿನ್, ಪೆಟ್ರೋಲ್ ಟ್ಯಾಂಕ್, ಸೈಲೆನ್ಸರ್ ಹೋಗುತ್ತವೆ. ಮೋಟಾರು, ಕಂಟ್ರೋಲರ್, ಬ್ಯಾಟರಿ ಪೆಟ್ಟಿಗೆ ಬರುತ್ತವೆ. ಮೇಲೆ ಮೂರು ನಾಲ್ಕು ಜನ, ಒಂದಿಷ್ಟು ಸಾಮಾನು. ಒಟ್ಟು 1,200 ಕೆಜಿ ಅಂತ ಇಟ್ಟುಕೊಳ್ಳೋಣ. ಇಷ್ಟು ತೂಕದ ಗಾಡಿಯ ಟೈರು ಸಾಧಾರಣ ಡಾಂಬರು ರಸ್ತೆಯಲ್ಲಿ ಉರುಳಲು ಸುಮಾರು 150 ನ್ಯೂಟನ್ ಬಲ ಬೇಕು. ಇದು ವೇಗ ಹೆಚ್ಚಿದರೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಗಾಳಿಯನ್ನು ಸೀಳಿಕೊಂಡು ಹೋಗುವ ಬಲ ಹಾಗಲ್ಲ. ಓಮ್ನಿಯ ಮೂತಿ ಚಪ್ಪಟೆ. ನನ್ನ ಅಂದಾಜಿನಲ್ಲಿ ಗಂಟೆಗೆ 45 ಕಿ.ಮೀ. ವೇಗದಲ್ಲಿ ಅದು 85 ನ್ಯೂಟನ್ ಆದರೆ, 70 ಕಿ.ಮೀ. ವೇಗದಲ್ಲಿ 200 ದಾಟುತ್ತದೆ.

ಇಲ್ಲಿ ಒಂದು ಸುಲಭದ ದಾರಿ ಇದೆ. ಒಟ್ಟು ನ್ಯೂಟನ್ನನ್ನು 3.6ರಿಂದ ಭಾಗಿಸಿ. ಬರುವ ಸಂಖ್ಯೆಯೇ ಒಂದು ಕಿ.ಮೀ.ಗೆ ಬೇಕಾದ ವಾಟ್-ಅವರ್. 45ರ ವೇಗದಲ್ಲಿ 235 ನ್ಯೂಟನ್, ಭಾಗಿಸಿದರೆ 65. ಇದು ಚಕ್ರಕ್ಕೆ ತಲುಪಬೇಕಾದದ್ದು. ಮೋಟಾರು, ಕಂಟ್ರೋಲರ್, ಗೇರ್‌ಬಾಕ್ಸ್ ಮೂರೂ ಸೇರಿ ನೂರಕ್ಕೆ ಇಪ್ಪತ್ತರಷ್ಟು ನುಂಗುತ್ತವೆ. ಆಗ ಬ್ಯಾಟರಿಯಿಂದ 80ಕ್ಕೂ ಮೇಲೆ ಎಳೆಯಬೇಕು. ನಮ್ಮ ರಸ್ತೆಯಲ್ಲಿ ಒಂದೇ ವೇಗದಲ್ಲಿ ಹೋಗುವುದು ಎಲ್ಲಿ? ತಿರುವು, ಹಂಪು, ಹೊಂಡ, ದನ, ಎದುರಿಗೆ ಬರುವ ಬಸ್ಸು. ಪ್ರತಿ ಸಲ ನಿಧಾನ ಮಾಡಿ ಮತ್ತೆ ವೇಗ ಹಿಡಿದಾಗ ಒಂದಿಷ್ಟು ಹೋಗುತ್ತದೆ. ಹೀಗಾಗಿ ಶಿರಸಿ ಸುತ್ತಿನ ರಸ್ತೆಗೆ ನಾನು ಕಿ.ಮೀ.ಗೆ 110 ವಾಟ್-ಅವರ್ ಹಿಡಿಯುತ್ತೇನೆ. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಕುಮಟಾದಿಂದ ಅಂಕೋಲಾ, ಕಾರವಾರ ಕಡೆ 70ರಲ್ಲಿ ಹೋಗುವವರು 140 ಹಿಡಿಯಬೇಕು. ಹೆದ್ದಾರಿ ಸಮತಟ್ಟು ಇದೆ, ಕಡಿಮೆ ತಿನ್ನಬಹುದು ಅಂತ ಅನ್ನಿಸುತ್ತದೆ. ಆದರೆ ಗಾಳಿ ಅಲ್ಲಿ ತನ್ನ ಪಾಲು ತೆಗೆದುಕೊಳ್ಳುತ್ತದೆ.

ತೋಟದ ಲೆಕ್ಕ ಇಲ್ಲಿಗೇ ಮುಗಿಯಿತು. 50 ಕಿ.ಮೀ.ಗೆ ಐದೂವರೆ ಯೂನಿಟ್.

ಈಗ ಘಟ್ಟ. ಶಿರಸಿ ಸಮುದ್ರಮಟ್ಟದಿಂದ ಸುಮಾರು 590 ಮೀಟರ್ ಎತ್ತರದಲ್ಲಿದೆ. ಕುಮಟಾ ಸಮುದ್ರದ ದಂಡೆಯ ಊರು. ನಡುವಿನ ದೂರ ಸುಮಾರು 60 ಕಿ.ಮೀ. ದೇವಿಮನೆಯ ತಿರುವುಗಳು ಎಷ್ಟೇ ಇರಲಿ, 1,200 ಕೆಜಿ ಗಾಡಿಯನ್ನು 590 ಮೀಟರ್ ಮೇಲೆತ್ತಲು ಬೇಕಾದ ಶಕ್ತಿ ಬದಲಾಗುವುದಿಲ್ಲ. ತೂಕ, ಎತ್ತರ, 9.81 ಮೂರನ್ನೂ ಗುಣಿಸಿ 36 ಲಕ್ಷದಿಂದ ಭಾಗಿಸಿದರೆ ಯೂನಿಟ್ಟಿನಲ್ಲಿ ಉತ್ತರ ಸಿಗುತ್ತದೆ: 1.93. ಮೋಟಾರು, ಗೇರ್‌ಬಾಕ್ಸ್ ನುಂಗುವುದನ್ನೂ ಸೇರಿಸಿದರೆ 2.4 ಯೂನಿಟ್. ಬಹಳ ಜನ ಘಟ್ಟ ಅಂದ ಕೂಡಲೇ ಬ್ಯಾಟರಿ ಅರ್ಧ ಖಾಲಿ ಅಂತ ಹೆದರುತ್ತಾರೆ. ಅಷ್ಟೇನೂ ಇಲ್ಲ. ಇಪ್ಪತ್ತೆರಡು ಕಿ.ಮೀ. ಹೆಚ್ಚುವರಿ ಓಡಿದಷ್ಟು, ಅಷ್ಟೇ.

60 ಕಿ.ಮೀ. ರಸ್ತೆಗೆ 6.6, ಎತ್ತರಕ್ಕೆ 2.4. ಒಟ್ಟು 9 ಯೂನಿಟ್. ಇದು ಬೇಸಿಗೆಯ ಲೆಕ್ಕ. ಜುಲೈ ತಿಂಗಳಿನಲ್ಲಿ ರಸ್ತೆ ಮೇಲೆ ನೀರು ಹರಿಯುತ್ತಿರುತ್ತದೆ. ನೀರನ್ನು ತಳ್ಳಿಕೊಂಡು ಹೋಗಲು ಟೈರಿಗೆ ಬಲ ಜಾಸ್ತಿ ಬೇಕು. ಹೆಡ್‌ಲೈಟು, ವೈಪರ್, ಗಾಜಿನ ಮಂಜು ಹೋಗಿಸಲು ಬ್ಲೋವರ್ ಎಲ್ಲಾ ಸೇರಿ 200ರಿಂದ 300 ವಾಟ್. ಅದೂ ಇದೇ ಬ್ಯಾಟರಿಯಿಂದ ಬರಬೇಕು, ಮತ್ತು ಎರಡು ಗಂಟೆಯ ದಾರಿ ಅದು. ಎಲ್ಲಾ ಸೇರಿಸಿ ಇನ್ನೊಂದು ಯೂನಿಟ್ ಮೇಲೆ ಬೇಕು. ಹಾಗಾದರೆ ಮಳೆಗಾಲದಲ್ಲಿ ಕುಮಟಾದಿಂದ ಶಿರಸಿಗೆ 10.1 ಯೂನಿಟ್. ಈ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಬ್ಯಾಟರಿ ಯಾವುದೇ ತನ್ನಿ, ಇಷ್ಟು ಕೊಡಲು ಆಗುತ್ತದಾ ಅಂತ ಕೇಳಬೇಕು.

ಇನ್ವರ್ಟರ್ ಬ್ಯಾಟರಿ ಯಾಕೆ ಬೇಡ ಅಂತ ಈಗ ಹೇಳುತ್ತೇನೆ. ಅದರ ಮೇಲೆ 150 ಅಂತ ಬರೆದಿರುವುದು 20 ಗಂಟೆಯ ಲೆಕ್ಕದಲ್ಲಿ. ಅಂದರೆ 7.5 ಆಂಪಿಯರಿನಂತೆ ನಿಧಾನವಾಗಿ ತೆಗೆದರೆ 20 ಗಂಟೆ ಬರುತ್ತದೆ. ಕರೆಂಟು ಹೋದಾಗ ಎರಡು ಫ್ಯಾನು, ನಾಲ್ಕು ಲೈಟು ಉರಿಸಲು ಹೇಳಿ ಮಾಡಿಸಿದ ವಸ್ತು. ಗಾಡಿ ಕೇಳುವುದು ಹಾಗಲ್ಲ. 45ರ ವೇಗಕ್ಕೇ ಸುಮಾರು 70 ಆಂಪಿಯರ್ ಬೇಕು. ಸೀಸ-ಆಮ್ಲದ ಬ್ಯಾಟರಿಯಲ್ಲಿ ಜೋರಾಗಿ ಎಳೆದಷ್ಟೂ ಒಟ್ಟು ಸಿಗುವುದು ಕಡಿಮೆಯಾಗುತ್ತಾ ಹೋಗುತ್ತದೆ. ಪ್ಯೂಕರ್ಟ್ ಎಂಬ ಜರ್ಮನ್ ವಿಜ್ಞಾನಿ 1897ರಲ್ಲೇ ಇದಕ್ಕೆ ಸೂತ್ರ ಕೊಟ್ಟಿದ್ದಾರೆ. ಪ್ರತಿ ಬ್ಯಾಟರಿಗೂ ಒಂದು ಘಾತ ಇರುತ್ತದೆ, ಸೀಸದ ಬ್ಯಾಟರಿಗೆ 1.1ರಿಂದ 1.3. ನಿಮ್ಮದಕ್ಕೆ 1.2 ಹಿಡಿದರೆ 70 ಆಂಪಿಯರಿನಲ್ಲಿ 150ರ ಬದಲು ಸಿಗುವುದು 95 ಆಂಪಿಯರ್-ಅವರ್. ಘಟ್ಟ ಹತ್ತುವಾಗ 125 ಆಂಪಿಯರ್ ಎಳೆದರೆ 85ಕ್ಕೆ ಇಳಿಯುತ್ತದೆ.

ಅದನ್ನೂ ಪೂರ್ತಿ ಬಳಸುವಂತಿಲ್ಲ. ಸೀಸದ ಬ್ಯಾಟರಿಯನ್ನು ದಿನಾ ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಬೇಗ ಸಾಯುತ್ತದೆ. 95ರಲ್ಲಿ ಅರ್ಧ ಅಂದರೆ 48. ವೋಲ್ಟೇಜಿನಿಂದ ಗುಣಿಸಿದರೆ ಮೂರೂವರೆ ಯೂನಿಟ್ಟೂ ಆಗುವುದಿಲ್ಲ. ಕಾಗದದ ಮೇಲೆ ಹತ್ತೂಮುಕ್ಕಾಲು ಯೂನಿಟ್ ಇದ್ದ ಬ್ಯಾಟರಿ ಇದು! ಆರು ಬ್ಯಾಟರಿಯ ತೂಕ 300 ಕೆಜಿ ದಾಟುತ್ತದೆ, ಹಾಗಾಗಿ ಗಾಡಿ ತಿನ್ನುವುದೂ ಜಾಸ್ತಿ. ತೋಟಕ್ಕೆ ಹೋಗಬಹುದು, ವಾಪಸ್ ಬರುವುದು ಕಷ್ಟ. ಬೆಲೆ ಕಡಿಮೆ ಅಂತ ಇದನ್ನು ಕೊಂಡು, ವರ್ಷದೊಳಗೆ ಬದಲಾಯಿಸಬೇಕಾಗಿ ಬಂದು, ಗಾಡಿಯ ಆಸೆಯನ್ನೇ ಕೈಬಿಟ್ಟವರು ಇದ್ದಾರೆ. ನಿಮಗೆ ಹಾಗಾಗಬಾರದು.

ಲಿಥಿಯಂನಲ್ಲಿ ಪ್ಯೂಕರ್ಟ್ ಕಾಟ ಇಲ್ಲವೆನ್ನುವಷ್ಟು ಕಡಿಮೆ. 20 ಆಂಪಿಯರ್ ಎಳೆದರೂ 100 ಎಳೆದರೂ ಸಿಗುವ ಆಂಪಿಯರ್-ಅವರ್ ಹೆಚ್ಚುಕಡಿಮೆ ಒಂದೇ. ಚಳಿ ದೇಶದವರು ಚಳಿಗಾಲಕ್ಕೆಂದು ಕಳೆಯುವ ಪಾಲನ್ನೂ ನೀವು ಕಳೆಯಬೇಕಾಗಿಲ್ಲ. ಸೊನ್ನೆ ಡಿಗ್ರಿಗಿಂತ ಕೆಳಗೆ ಲಿಥಿಯಂ ಚಾರ್ಜ್ ಮಾಡಬಾರದು ಅನ್ನುವ ನಿಯಮ ಶಿರಸಿಯ ಡಿಸೆಂಬರಿಗೆ ಅನ್ವಯಿಸುವುದಿಲ್ಲ. ನಮ್ಮ ಕಡೆ ಕಳೆಯಬೇಕಾದದ್ದು ಬೇರೆ.

ಮೊದಲನೆಯದು ವಯಸ್ಸು. ವಾಹನಗಳಿಂದ ಬಿಚ್ಚಿದ ಸೆಲ್ಲುಗಳು ಸಾಮಾನ್ಯವಾಗಿ ಮೂಲ ಶಕ್ತಿಯ ನೂರಕ್ಕೆ 80ರ ಆಸುಪಾಸಿಗೆ ಬಂದ ಮೇಲೆ ಮಾರಾಟಕ್ಕೆ ಬರುತ್ತವೆ. 200 ಅಂತ ಬರೆದಿದ್ದರೂ 160 ಇರಬಹುದು ಅಂದುಕೊಳ್ಳಿ. ಆಗ 15.36 ಹೋಗಿ 12.3 ಯೂನಿಟ್ ಆಯಿತು.

ಎರಡನೆಯದು ತುದಿ ಮತ್ತು ತಳ. ಎಲ್‌ಎಫ್‌ಪಿ ಸೆಲ್ಲನ್ನು 3.65 ವೋಲ್ಟಿನವರೆಗೆ ತುಂಬಬಹುದು ಅಂತ ಕಂಪನಿಗಳು ಹೇಳುತ್ತವೆ. ದಿನಬಳಕೆಗೆ 3.45 ಸಾಕು. 24 ಸೆಲ್ಲಿಗೆ 82.8 ವೋಲ್ಟ್. ಇದರಲ್ಲಿ ಕಳೆದುಕೊಳ್ಳುವುದು ನೂರಕ್ಕೆ ಐದರೊಳಗೆ, ಉಳಿಯುವ ಆಯುಷ್ಯ ಹೆಚ್ಚು. ಕೆಳಗಡೆ ನೂರಕ್ಕೆ 15 ಬಿಡಿ. ಅದು ಮೀಟರಿನ ತಪ್ಪಿಗೆ, ರಸ್ತೆ ಮುಚ್ಚಿ ಸುತ್ತಿ ಹೋಗಬೇಕಾಗಿ ಬರುವ ದಿನಕ್ಕೆ, ಮತ್ತು ಮುಂದೆ ಹೇಳುವ ವೋಲ್ಟೇಜ್ ಕುಸಿತಕ್ಕೆ. ಹೀಗೆ ನೂರರಲ್ಲಿ 80 ಮಾತ್ರ ನಿಮ್ಮದು. 12.3ರಲ್ಲಿ 80 ಪಾಲು ಅಂದರೆ 9.8 ಯೂನಿಟ್.

ಬೇಸಿಗೆಯಲ್ಲಿ ಕುಮಟಾದಿಂದ ಬರಲು 9 ಬೇಕು, 9.8 ಇದೆ. ಬರುತ್ತೀರಿ. ಮಳೆಗಾಲದಲ್ಲಿ 10.1 ಬೇಕು. ಘಟ್ಟ ಹತ್ತಿ ಮುಗಿದ ಮೇಲೂ ಶಿರಸಿಗೆ ಇನ್ನೂ ದಾರಿ ಇರುತ್ತದೆ ಅಲ್ವಾ? ಆ ಕಾಡಿನ ನಡುವೆ, ಮಳೆಯಲ್ಲಿ, ಮೊಬೈಲ್ ಸಿಗ್ನಲ್ ಇಲ್ಲದ ಕಡೆ ಗಾಡಿ ನಿಲ್ಲುವ ಸಾಧ್ಯತೆ ಇರುವ ಲೆಕ್ಕ ಇದು. ಮನೆಯವರನ್ನು ಕೂರಿಸಿಕೊಂಡು ಇಂಥ ಲೆಕ್ಕದ ಮೇಲೆ ಹೊರಡಬಾರದು.

ಇಷ್ಟೂ ಎಲ್ಲಾ ಸೆಲ್ ಒಂದೇ ಸಮ ಇದ್ದರೆ. ಬಳಸಿದ ಸೆಲ್ಲಿನಲ್ಲಿ ಅದು ಇರುವುದಿಲ್ಲ, ಮತ್ತು ಜನ ಹೆಚ್ಚು ಮೋಸ ಹೋಗುವುದು ಇಲ್ಲೇ. ಸಾಲಿನಲ್ಲಿ ಜೋಡಿಸಿದಾಗ ಎಲ್ಲಾ ಸೆಲ್ಲಿನಲ್ಲೂ ಅದೇ ಕರೆಂಟು ಹರಿಯುತ್ತದೆ. 23 ಸೆಲ್ 160 ಕೊಟ್ಟು, ಒಂದು ಮಾತ್ರ 140 ಕೊಟ್ಟರೆ, 140 ಆದ ಕೂಡಲೇ ಆ ಒಂದು ಖಾಲಿ. ಬಿಎಂಎಸ್ (ಪ್ರತಿ ಸೆಲ್ಲಿನ ವೋಲ್ಟೇಜ್ ನೋಡಿಕೊಂಡು ಬ್ಯಾಟರಿ ಕಾಯುವ ಸರ್ಕ್ಯೂಟ್) ಎಲ್ಲವನ್ನೂ ನಿಲ್ಲಿಸುತ್ತದೆ, ನಿಲ್ಲಿಸಲೇಬೇಕು. ಉಳಿದ 23ರಲ್ಲಿ ಇನ್ನೂ ಇದ್ದರೂ ನಿಮಗೆ ಸಿಗುವುದಿಲ್ಲ. 9.8 ಇದ್ದದ್ದು 8.6ಕ್ಕೆ ಬಂತು. ಒಂದು ಸೆಲ್ಲಿನಿಂದ 11 ಕಿ.ಮೀ. ಹೋಯಿತು. 'ಸರಾಸರಿ 160 ಇದೆ' ಅಂತ ಮಾರುವವರು ಹೇಳಿದರೆ ಆ ಸರಾಸರಿಗೆ ಬೆಲೆ ಇಲ್ಲ. ಅತಿ ಕಡಿಮೆ ಯಾವುದು ಅಂತ ಕೇಳಿ.

ಬಿಎಂಎಸ್ ಬ್ಯಾಲೆನ್ಸ್ ಮಾಡುತ್ತದೆಯಲ್ಲ ಅಂತ ಕೇಳುತ್ತೀರಿ. ಅದು ಮಾಡುವುದು ತುಂಬಿಸುವಾಗ ಸೆಲ್ಲುಗಳ ಮಟ್ಟವನ್ನು ಸಮ ಮಾಡುವ ಕೆಲಸ. ದುರ್ಬಲ ಸೆಲ್ಲನ್ನು ಗಟ್ಟಿ ಮಾಡುವುದು ಅದರಿಂದ ಆಗದು. ಆ ಸಮ ಮಾಡುವ ಕೆಲಸವೂ ತುಂಬಾ ನಿಧಾನ. ಸಾಧಾರಣ ಬಿಎಂಎಸ್ ನೂರು ಮಿಲಿಆಂಪಿಯರಿನಷ್ಟು ಕರೆಂಟಿನಲ್ಲಿ ಬ್ಯಾಲೆನ್ಸ್ ಮಾಡುತ್ತದೆ. ಒಂದು ಸೆಲ್ 10 ಆಂಪಿಯರ್-ಅವರ್ ಹಿಂದೆ ಬಿದ್ದಿದ್ದರೆ ಸರಿಯಾಗಲು 100 ಗಂಟೆ ಬೇಕು. ಹಾಗಾಗಿ ಜೋಡಿಸುವ ಮೊದಲೇ 24 ಸೆಲ್ಲನ್ನೂ ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಕಟ್ಟಿ, 3.65 ವೋಲ್ಟಿಗೆ ತುಂಬಿಸಿ, ಕರೆಂಟು ಸೊನ್ನೆ ಹತ್ತಿರ ಬರುವವರೆಗೆ ಬಿಡಿ. ಚಿಕ್ಕ ಚಾರ್ಜರಿನಲ್ಲಿ ದಿನಗಟ್ಟಲೆ ಹಿಡಿಯುತ್ತದೆ. ಅವಸರ ಮಾಡಬೇಡಿ, ಇದು ಒಂದೇ ಸಲ ಮಾಡುವ ಕೆಲಸ.

ಇನ್ನು ವೋಲ್ಟೇಜ್ ಕುಸಿತ. ಗಂಟೆಗೆ 30 ಕಿ.ಮೀ. ವೇಗದಲ್ಲಿ, ನೂರು ಮೀಟರಿಗೆ ಆರು ಮೀಟರ್ ಏರುವ ರಸ್ತೆಯಲ್ಲಿ ನಿಮ್ಮ ಗಾಡಿ ಬ್ಯಾಟರಿಯಿಂದ ಸುಮಾರು 9.3 ಕಿಲೋವಾಟ್ ಎಳೆಯುತ್ತದೆ. ಅಂದರೆ 125 ಆಂಪಿಯರ್. ಕಡಿದಾದ ತಿರುವಿನಲ್ಲಿ ನಿಂತು ಹೊರಡುವಾಗ ಇನ್ನೂ ಹೆಚ್ಚು. ಪ್ರತಿ ಸೆಲ್ಲಿಗೂ ಒಳಗೊಂದು ಪ್ರತಿರೋಧ ಇದೆ. ಒಳ್ಳೆಯ 200 ಆಂಪಿಯರ್-ಅವರ್ ಸೆಲ್ಲಿನಲ್ಲಿ ಅರ್ಧ ಮಿಲಿಓಮ್ ಅಥವಾ ಅದಕ್ಕಿಂತ ಕಡಿಮೆ. 150 ಆಂಪಿಯರ್ ಎಳೆದರೂ 0.08 ವೋಲ್ಟ್ ಕೂಡ ಇಳಿಯುವುದಿಲ್ಲ. ಸವೆದ ಸೆಲ್ಲಿನಲ್ಲಿ 2.5 ಮಿಲಿಓಮ್ ಇದ್ದರೆ 0.38 ವೋಲ್ಟ್ ಇಳಿಯುತ್ತದೆ. ಬ್ಯಾಟರಿ ಕಾಲು ಭಾಗಕ್ಕೆ ಬಂದಾಗ ಸೆಲ್ಲಿನಲ್ಲಿ 3.15 ಇರುತ್ತದೆ ಅನ್ನಿ. ಅದರಲ್ಲಿ 0.38 ಕಳೆದರೆ 2.77. ಬಿಎಂಎಸ್ಸಿನ ಕಟ್-ಆಫ್ 2.8ಕ್ಕೆ ಇಟ್ಟಿದ್ದರೆ ಗಾಡಿ ಅಲ್ಲೇ ನಿಂತಿತು. ಸೆಲ್ಲಿನಲ್ಲಿ ಶಕ್ತಿ ಇದೆ, ಸಮತಟ್ಟಿನಲ್ಲಿ ಇನ್ನೂ ಇಪ್ಪತ್ತು ಕಿ.ಮೀ. ಹೋಗುತ್ತಿತ್ತು. ಏರಿನಲ್ಲಿ ಮಾತ್ರ ಕೊಡಲಾರದು. ಅದಕ್ಕೇ ಬನವಾಸಿ ರಸ್ತೆಯಲ್ಲಿ ಪರೀಕ್ಷೆ ಮಾಡಿ ಸಿಕ್ಕ ಸಂಖ್ಯೆಯನ್ನು ದೇವಿಮನೆಗೆ ಹಚ್ಚಬಾರದು. ಕಂಟ್ರೋಲರಿನಲ್ಲಿ ವೋಲ್ಟೇಜ್ ಇಳಿದಂತೆ ಕರೆಂಟನ್ನು ತಾನೇ ಕಡಿಮೆ ಮಾಡುವ ಸೆಟ್ಟಿಂಗ್ ಇದ್ದರೆ ಅದನ್ನು ಬಿಎಂಎಸ್ ಕಟ್-ಆಫ್‌ಗಿಂತ ಸ್ವಲ್ಪ ಮೇಲೆ ಇಡಿ. ಆಗ ಗಾಡಿ ದಿಢೀರನೆ ಸಾಯುವ ಬದಲು ನಿಧಾನವಾಗುತ್ತದೆ, ಪಕ್ಕಕ್ಕೆ ತೆಗೆದುಕೊಳ್ಳಲು ಸಮಯ ಸಿಗುತ್ತದೆ.

ಸೆಲ್ಲನ್ನು ಅಳೆಯುವುದು ಹೇಗೆ? ದುಬಾರಿ ಯಂತ್ರ ಬೇಕಿಲ್ಲ. ನಾಲ್ಕು ಸೆಲ್ ಸಾಲಾಗಿ ಜೋಡಿಸಿದರೆ 12.8 ವೋಲ್ಟ್. ನಿಮ್ಮ ಗೆಳೆಯರ ಗ್ಯಾರೇಜಿನಲ್ಲಿ ಹಳೆಯ ಕಾರುಗಳ 55 ವಾಟ್ ಹೆಡ್‌ಲೈಟ್ ಬಲ್ಬು ಸಿಗುತ್ತವೆ. ಒಂದೊಂದು ನಾಲ್ಕೂವರೆ ಆಂಪಿಯರ್ ತಿನ್ನುತ್ತದೆ. ಎಂಟು ಬಲ್ಬು ಪಕ್ಕಪಕ್ಕ ಕಟ್ಟಿದರೆ 36 ಆಂಪಿಯರ್. ನಡುವೆ ಶಂಟ್ (ಕರೆಂಟು ಅಳೆಯಲು ಬಳಸುವ ಚಿಕ್ಕ ಪ್ರತಿರೋಧ) ಇರುವ ಡಿಸಿ ಎನರ್ಜಿ ಮೀಟರ್ ಹಾಕಿ. ಎಷ್ಟು ಆಂಪಿಯರ್-ಅವರ್, ಎಷ್ಟು ವಾಟ್-ಅವರ್ ಹೋಯಿತು ಅಂತ ಅದು ಕೂಡಿಸುತ್ತಾ ಹೋಗುತ್ತದೆ. ಪೂರ್ತಿ ತುಂಬಿದ ಸೆಲ್ಲಿನಿಂದ ಶುರು ಮಾಡಿದರೆ ನಾಲ್ಕರಿಂದ ಐದು ಗಂಟೆ ಬೇಕು. ಕೊನೆಯ ಅರ್ಧ ಗಂಟೆ ಪಕ್ಕದಲ್ಲೇ ಇರಿ. ಎಲ್‌ಎಫ್‌ಪಿ ಬಹಳ ಹೊತ್ತು 3.2ರ ಆಸುಪಾಸಿನಲ್ಲೇ ನಿಂತಿದ್ದು, ಕೊನೆಗೆ ಒಮ್ಮೆಲೇ ಬೀಳುತ್ತದೆ. ಯಾವುದಾದರೂ ಒಂದು ಸೆಲ್ 2.8 ಮುಟ್ಟಿದ ಕೂಡಲೇ ನಿಲ್ಲಿಸಿ, ಮೀಟರಿನ ಸಂಖ್ಯೆಯನ್ನು ಆ ಸೆಲ್ಲಿನ ಮೇಲೆಯೇ ಬರೆಯಿರಿ. ಅದನ್ನು ಬಿಟ್ಟು ಉಳಿದವುಗಳಲ್ಲಿ ಮುಂದುವರಿಸಿ.

ಒಳಗಿನ ಪ್ರತಿರೋಧವನ್ನೂ ಇದೇ ಜೋಡಣೆಯಲ್ಲಿ ನೋಡಬಹುದು. ಬಲ್ಬು ಆರಿಸಿದ್ದಾಗ ಸೆಲ್ಲಿನ ಎರಡು ಕಂಬಕ್ಕೂ (ಟರ್ಮಿನಲ್) ಮಲ್ಟಿಮೀಟರ್ ಹಚ್ಚಿ ವೋಲ್ಟೇಜ್ ಬರೆದುಕೊಳ್ಳಿ. ಹೊತ್ತಿಸಿ ಹತ್ತು ಸೆಕೆಂಡಿನ ನಂತರ ಮತ್ತೆ ನೋಡಿ. ವ್ಯತ್ಯಾಸ 18 ಮಿಲಿವೋಲ್ಟ್ ಬಂದರೆ, ಅದನ್ನು 36ರಿಂದ ಭಾಗಿಸಿ, ಅರ್ಧ ಮಿಲಿಓಮ್. 90 ಬಂದರೆ 2.5 ಮಿಲಿಓಮ್. ಅಂಥ ಸೆಲ್ಲನ್ನು ಮನೆಯ ಸೋಲಾರಿಗೆ ಇಟ್ಟುಕೊಳ್ಳಿ, ಗಾಡಿಗೆ ಬೇಡ. ಈ ಅಳತೆಯನ್ನು ಸೆಲ್ ಅರ್ಧ ತುಂಬಿದ್ದಾಗ ಮಾಡಿದರೆ ಒಂದಕ್ಕೊಂದು ಹೋಲಿಸಲು ಸರಿಯಾಗುತ್ತದೆ.

ಕೆಲವರು ನೀರು ಕಾಯಿಸುವ ರಾಡ್ ಹಾಕಿ ಇಡೀ ಪ್ಯಾಕನ್ನು ಖಾಲಿ ಮಾಡಲು ನೋಡುತ್ತಾರೆ. 1,500 ವಾಟ್ ರಾಡ್ 76 ವೋಲ್ಟಿನಲ್ಲಿ ಬರೀ 165 ವಾಟ್ ತಿನ್ನುತ್ತದೆ. ಖಾಲಿಯಾಗಲು ಮೂರು ದಿನ ಬೇಕು. ಮನೆಯ ಸ್ವಿಚ್ಚು ಅಥವಾ ಎಸಿ ಎಂಸಿಬಿ ಹಾಕಿ ಅದನ್ನು ಆರಿಸಲು ಹೋದರೆ ಇನ್ನೂ ಅಪಾಯ. ಎಸಿ ಕರೆಂಟು ಸೆಕೆಂಡಿಗೆ ನೂರು ಸಲ ಸೊನ್ನೆಗೆ ಬರುತ್ತದೆ, ಕಿಡಿ ತಾನೇ ಆರುತ್ತದೆ. ಡಿಸಿಯಲ್ಲಿ ಹಾಗಿಲ್ಲ, ಕಿಡಿ ಉರಿಯುತ್ತಲೇ ಇದ್ದು ಸ್ವಿಚ್ಚನ್ನೇ ಕರಗಿಸಬಹುದು. ಡಿಸಿಗೆಂದೇ ಮಾಡಿದ ಬ್ರೇಕರ್, ಫ್ಯೂಸ್ ತನ್ನಿ. ಕೆಲಸ ಮಾಡುವಾಗ ಉಂಗುರ, ವಾಚು, ಕಡಗ ತೆಗೆದಿಡಿ. ಸ್ಪ್ಯಾನರಿನ ಹಿಡಿಗೆ ಇನ್ಸುಲೇಷನ್ ಟೇಪ್ ಸುತ್ತಿ. ಒಂದು ಸೆಲ್ಲಿನ ಎರಡು ಕಂಬಕ್ಕೆ ಸ್ಪ್ಯಾನರ್ ತಾಗಿದರೆ ಸಾವಿರಾರು ಆಂಪಿಯರ್ ಹರಿಯುತ್ತದೆ. 24 ಸೆಲ್ ಸೇರಿಸಿದ ಮೇಲೆ ಒದ್ದೆ ಕೈಯಲ್ಲಿ ಮುಟ್ಟುವ ಪ್ರಶ್ನೆಯೇ ಇಲ್ಲ. ಬಲ್ಬುಗಳು ಬೆಂಕಿಯಷ್ಟು ಬಿಸಿಯಾಗುತ್ತವೆ, ಪ್ಲಾಸ್ಟಿಕ್ ಮೇಲೆ, ಹುಲ್ಲಿನ ಹತ್ತಿರ ಇಡಬೇಡಿ.

ಗಾಡಿ ಓಡಲು ಶುರುವಾದ ಮೇಲೂ ಅದೇ ಶಂಟ್ ಮೀಟರ್ ಡ್ಯಾಶ್‌ಬೋರ್ಡಿನಲ್ಲಿ ಇರಲಿ. ವೋಲ್ಟ್ ಮೀಟರ್ ನೋಡಿ ಎಷ್ಟು ಉಳಿದಿದೆ ಅಂತ ಹೇಳುವ ಪದ್ಧತಿ ಸೀಸದ ಬ್ಯಾಟರಿಯದು. ಅಲ್ಲಿ 12.7 ಇದ್ದರೆ ಪೂರ್ತಿ, 12.2 ಇದ್ದರೆ ಅರ್ಧ. ಎಲ್‌ಎಫ್‌ಪಿಯ ಒಂದು ಸೆಲ್ಲಿನಲ್ಲಿ ಮುಕ್ಕಾಲಿಗೂ ಕಾಲಿಗೂ ವ್ಯತ್ಯಾಸ ಒಂದು ವೋಲ್ಟಿನ ಹತ್ತನೇ ಒಂದು ಭಾಗವೂ ಇರುವುದಿಲ್ಲ. ಎಷ್ಟು ಹೋಯಿತು ಅಂತ ಎಣಿಸಿದರೆ ಮಾತ್ರ ಗೊತ್ತಾಗುತ್ತದೆ. ಮೀಟರಿನ ಎಣಿಕೆ ದಿನ ಕಳೆದಂತೆ ಸ್ವಲ್ಪ ತಪ್ಪುತ್ತದೆ, ಆದ್ದರಿಂದ ಪ್ರತಿ ಸಲ ಪೂರ್ತಿ ತುಂಬಿದಾಗ ಅದನ್ನು ಸರಿಪಡಿಸಿ. ನಾನು ಹಿಡಿದ 110 ನಿಮ್ಮ ಗಾಡಿಗೆ ಸರಿಯೋ ಅಂತ ನೋಡಲು ಬನವಾಸಿ ರಸ್ತೆಯಲ್ಲಿ ಒಂದೇ ವೇಗದಲ್ಲಿ ಹೋಗಿ, ಅದೇ ದಾರಿಯಲ್ಲಿ ವಾಪಸ್ ಬನ್ನಿ. ಎರಡನ್ನೂ ಕೂಡಿಸಿ ಕಿ.ಮೀ.ನಿಂದ ಭಾಗಿಸಿ. ಹೋಗಿ ಬಂದರೆ ಏರು ಇಳುಕಲು, ಎದುರು ಗಾಳಿ ಹಿಂದಿನ ಗಾಳಿ ಎಲ್ಲಾ ಸರಿದೂಗುತ್ತವೆ. ಗೋಡೆಯ ಮೀಟರ್ ನೋಡಿ ಲೆಕ್ಕ ಹಾಕಬೇಡಿ. ಚಾರ್ಜರ್ ನೂರಕ್ಕೆ ಹತ್ತರಷ್ಟು ಬಿಸಿಯಾಗಿ ಕಳೆಯುತ್ತದೆ, ಅಲ್ಲಿ 6 ಯೂನಿಟ್ ತೋರಿಸಿದರೆ ಬ್ಯಾಟರಿಗೆ ಹೋದದ್ದು 5.4.

ಕುಮಟಾಕ್ಕೆ ಇಳಿಯುವಾಗ ಬ್ಯಾಟರಿ ತುಂಬುತ್ತದಂತೆ ಹೌದಾ ಅಂತ ಬಹಳ ಜನ ಕೇಳುತ್ತಾರೆ. ತುಂಬುತ್ತದೆ, ಆದರೆ ಜನ ಅಂದುಕೊಂಡಷ್ಟಲ್ಲ. 15 ಕಿ.ಮೀ. ಉದ್ದಕ್ಕೆ 500 ಮೀಟರ್ ಇಳಿಯುತ್ತೀರಿ ಅಂತಿಟ್ಟುಕೊಳ್ಳಿ. ಇಳುಕಲು ಗಾಡಿಯನ್ನು ತಳ್ಳುವ ಬಲದಲ್ಲಿ ಅರ್ಧ ಟೈರಿಗೆ, ಗಾಳಿಗೆ ಹೋಗುತ್ತದೆ. ಉಳಿದದ್ದರಲ್ಲಿ ಮೋಟಾರು ಹಿಂತಿರುಗಿಸಿ ಕೊಡುವುದು ಸುಮಾರು ಅರ್ಧ ಯೂನಿಟ್. ಆ 15 ಕಿ.ಮೀ. ಏನೂ ಖರ್ಚಾಗಲಿಲ್ಲ ಅನ್ನುವುದೇ ದೊಡ್ಡ ಲಾಭ. ನಿಮ್ಮದು ಹಳೆಯ ಫೋರ್ಕ್‌ಲಿಫ್ಟಿನಲ್ಲಿ ಬರುವಂಥ ಸೀರೀಸ್ ಡಿಸಿ ಮೋಟಾರು ಆಗಿದ್ದರೆ ಆ ಅರ್ಧ ಯೂನಿಟ್ಟೂ ಇಲ್ಲ.

ಇದರಲ್ಲಿ ಯೂನಿಟ್ಟಿಗಿಂತ ದೊಡ್ಡ ವಿಷಯ ಬ್ರೇಕು. ಪೆಟ್ರೋಲ್ ಗಾಡಿಯಲ್ಲಿ ಸೆಕೆಂಡ್ ಗೇರಿಗೆ ಹಾಕಿ ಇಳಿದರೆ ಎಂಜಿನ್ನೇ ಹಿಡಿದುಕೊಳ್ಳುತ್ತದೆ. ಎಂಜಿನ್ ತೆಗೆದ ಮೇಲೆ ಆ ಹಿಡಿತ ಮೋಟಾರಿನಿಂದ ಬರಬೇಕು. ಶಿರಸಿಯಲ್ಲಿ ಬ್ಯಾಟರಿ ತುದಿಯವರೆಗೆ ತುಂಬಿಸಿ ಹೊರಟರೆ, ವಾಪಸ್ ಬರುವ ಕರೆಂಟಿಗೆ ಜಾಗವಿಲ್ಲದೆ ಬಿಎಂಎಸ್ ಬೇಡ ಅನ್ನಬಹುದು. ಆಗ ದೇವಿಮನೆಯ ಪೂರ್ತಿ ಇಳುಕಲು ಬರೀ ಕಾಲಿನ ಬ್ರೇಕಿನ ಮೇಲೆ. ಕುಮಟಾ ಕಡೆ ಹೊರಡುವ ದಿನ ನೂರಕ್ಕೆ 85ಕ್ಕೇ ಚಾರ್ಜ್ ನಿಲ್ಲಿಸಿ. ಇಳಿಯುವ ದಾರಿಗೆ ಅದು ಧಾರಾಳ, ಹೇಗೂ ಮಗಳ ಮನೆಯಲ್ಲಿ ರಾತ್ರಿ ತುಂಬಿಸುತ್ತೀರಿ. ನಿಮ್ಮ ಓಮ್ನಿಗೆ ಬ್ರೇಕ್ ಬೂಸ್ಟರ್ ಇದ್ದರೆ ಅದಕ್ಕೆ ವ್ಯಾಕ್ಯೂಮ್ ಕೊಡುತ್ತಿದ್ದದ್ದೂ ಎಂಜಿನ್ನೇ. ಕರೆಂಟಿನ ವ್ಯಾಕ್ಯೂಮ್ ಪಂಪ್ ಹಾಕದೆ ಘಟ್ಟ ಇಳಿಯಬೇಡಿ.

ಇಷ್ಟೆಲ್ಲಾ ನೋಡಿದ ಮೇಲೆ ನನ್ನ ಸಲಹೆ ಇದು. ಹಣ ಹೊಂದಿಸಲು ಆಗುವುದಾದರೆ ಹೊಸ 280 ಆಂಪಿಯರ್-ಅವರ್ ಎಲ್‌ಎಫ್‌ಪಿ ಸೆಲ್ 24 ತೆಗೆದುಕೊಳ್ಳಿ. ಕಾಗದದ ಮೇಲೆ 21.5 ಯೂನಿಟ್, ಕೈಗೆ ಸಿಗುವುದು 17. ತೂಕ 130 ಕೆಜಿ ಆಸುಪಾಸು. ವರ್ಷಗಟ್ಟಲೆ ಓಡಿಸಿ ನೂರಕ್ಕೆ 80ಕ್ಕೆ ಇಳಿದ ಮೇಲೂ ಹದಿಮೂರೂವರೆ ಉಳಿಯುತ್ತದೆ. ಬೇಕಾದದ್ದು 10.1. ಆಗಲೂ ಜುಲೈ ತಿಂಗಳಿನಲ್ಲಿ ನೆಮ್ಮದಿಯಿಂದ ಘಟ್ಟ ಹತ್ತಬಹುದು. ಬಳಸಿದ ಸೆಲ್ಲೇ ಆಗಬೇಕು ಅಂದರೆ 24ರ ಬದಲು 28 ಕೊಂಡು, ಎಲ್ಲವನ್ನೂ ಅಳೆದು, ಕೆಳಗಿನ ನಾಲ್ಕನ್ನು ಬದಿಗಿಡಿ. ಮಳೆಗಾಲದಲ್ಲಿ ಕುಮಟಾದಿಂದ ಬರುವಾಗ ಘಟ್ಟ ಹತ್ತುವ ಮೊದಲು ಪರಿಚಯದ ಮನೆಯಲ್ಲೋ ಹೋಟೆಲಿನಲ್ಲೋ 15 ಆಂಪಿಯರ್ ಪ್ಲಗ್ ಸಿಕ್ಕಿದರೆ, ಎರಡೂವರೆ ಕಿಲೋವಾಟ್ ಚಾರ್ಜರಿನಲ್ಲಿ ಒಂದು ಗಂಟೆಗೆ ಎರಡು ಯೂನಿಟ್ ಮೇಲೆ ಸೇರುತ್ತದೆ. ಅದು ಸಾಕಾಗುತ್ತದೆ. ಆದರೆ ಮಳೆಗಾಲದಲ್ಲಿ ಕರೆಂಟು ಇರುತ್ತದೆ ಅಂತ ನಂಬಿ ಹೊರಡುವುದು ನಿಮಗೆ ಬಿಟ್ಟದ್ದು.

ಕಾರವಾರ, ಅಂಕೋಲಾ ಕಡೆಯಿಂದಲೂ ಇದೇ ಥರ ಗಾಡಿ ಮಾಡುವವರು ಇರುತ್ತಾರೆ. ಅವರಿಗೆ ಘಟ್ಟದ ಚಿಂತೆ ಕಡಿಮೆ, ಉಪ್ಪುಗಾಳಿಯ ಚಿಂತೆ ಜಾಸ್ತಿ. ಸೆಲ್ಲಿನ ಕಂಬಕ್ಕೂ ತಾಮ್ರದ ಪಟ್ಟಿಗೂ ನಡುವೆ ಹಸಿರು ಕಿಲುಬು ಹಿಡಿದರೆ ಪ್ರತಿ ಜೋಡಣೆಯಲ್ಲೂ ಪ್ರತಿರೋಧ ಏರುತ್ತದೆ. ಒಂದೊಂದರಲ್ಲಿ 0.2 ಮಿಲಿಓಮ್ ಸೇರಿದರೂ 48 ಜೋಡಣೆಗೆ 125 ಆಂಪಿಯರಿನಲ್ಲಿ 1.2 ವೋಲ್ಟ್ ಹೋಯಿತು, 150 ವಾಟ್ ಬಿಸಿಯಾಗಿ ಹೋಯಿತು. ಪಟ್ಟಿ ಉಜ್ಜಿ, ಬಿಗಿದು, ಮೇಲೆ ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ ಸವರಿ. ಮಳೆಗಾಲಕ್ಕೆ ಮೊದಲು ಮತ್ತು ನಂತರ ಒಮ್ಮೆ ಬಿಚ್ಚಿ ನೋಡಿ. ಪೂರ್ತಿ ಚಾರ್ಜ್ ಮಾಡಿ ವಾರಗಟ್ಟಲೆ ಬಿಸಿಲಿನಲ್ಲಿ ನಿಲ್ಲಿಸಬೇಡಿ. ಸೆಖೆಯಲ್ಲಿ ತುಂಬಿದ ಬ್ಯಾಟರಿ ಬೇಗ ಮುದಿಯಾಗುತ್ತದೆ.

ಕೊನೆಯದಾಗಿ ಕಾಗದಪತ್ರ. ಎಂಜಿನ್ ತೆಗೆದು ಮೋಟಾರು ಹಾಕುವುದು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ವಾಹನದ ಬದಲಾವಣೆ. ಒಪ್ಪಿಗೆ ಪಡೆದ ಪರಿವರ್ತನೆ ಕಿಟ್ ಬೇಕು. ಕಿಟ್ಟಿನ ಪರೀಕ್ಷೆಗೆ ಎಐಎಸ್-123 ಅನ್ನುವ ಮಾನದಂಡ ಇದೆ. ಆರ್‌ಸಿಯಲ್ಲಿ ಇಂಧನದ ಹೆಸರು ಬದಲಾಗದೆ ರಸ್ತೆಗೆ ಇಳಿಸಿದರೆ, ಅಪಘಾತವಾದ ದಿನ ವಿಮೆ ಸಿಗುವುದು ಕಷ್ಟ. ನಿಮ್ಮ ಗಾಡಿ ಕೆಎ-31 ಆಗಿದ್ದರೆ ಶಿರಸಿಯ ಆರ್‌ಟಿಒ ಕಚೇರಿಗೇ ಹೋಗಿ, ಓಮ್ನಿಗೆ ಒಪ್ಪಿಗೆ ಇರುವ ಕಿಟ್ ಯಾವುದು, ಅದರ ಜೊತೆ ಯಾವ ಬ್ಯಾಟರಿ ಹಾಕಬಹುದು ಅಂತ ಕೇಳಿ. ಸೆಲ್ಲಿಗೆ ಮುಂಗಡ ಕೊಡುವುದು ಅದಾದ ಮೇಲೆ.